ದೇವರ ಚಿತ್ತ ತಿಳಿದು ತೀರ್ಮಾನ ಮಾಡುವುದು ಹೇಗೆ?

ಕುವೈತ್‌ನ ಒಂದು ಆಸ್ಪತ್ರೆಯಿಂದ ನರ್ಸ್ ಕೆಲಸಕ್ಕೆ ಆಫರ್ ಬಂದಿದೆ. ಸಂಬಳ ಇಲ್ಲಿಗಿಂತ ಎಷ್ಟೋ ಜಾಸ್ತಿ. ಆದರೆ ಹಾಸನದ ಮನೆಯಲ್ಲಿ ಶುಗರ್ ಇರುವ ಅಮ್ಮ ಒಬ್ಬರೇ. ಹೋಗಬೇಕಾ, ಬೇಡವಾ? ನಮ್ಮ ಕ್ರೈಸ್ತ ಸಭೆಗಳಲ್ಲಿ ಇಂಥ ಪ್ರಶ್ನೆ ಹಿಡಿದುಕೊಂಡು ನಿದ್ದೆಗೆಟ್ಟವರು ಬಹಳ ಜನ. ಈ ಒಂದು ಉದಾಹರಣೆಯನ್ನೇ ಇಟ್ಟುಕೊಂಡು ಹೇಳುತ್ತೇನೆ. ನಿಮ್ಮದು ಮದುವೆ ಸಂಬಂಧದ ವಿಷಯವಾದರೂ ದಾರಿ ಹೆಚ್ಚುಕಡಿಮೆ ಇದೇ.

ಮೊದಲು, ದೇವರು ಈಗಾಗಲೇ ಹೇಳಿರುವುದನ್ನು ನೋಡಿ. ಬೈಬಲಿನಲ್ಲಿ, ಥೆಸಲೋನಿಕದ ಸಭೆಯವರಿಗೆ ಬರೆದ ಮೊದಲ ಪತ್ರದಲ್ಲಿ, ದೇವರ ಚಿತ್ತ ಇದು ಅಂತ ಅಪೊಸ್ತಲ ಪೌಲನು ನೇರವಾಗಿಯೇ ಹೇಳುತ್ತಾನೆ: ಶುದ್ಧರಾಗಿ ಬಾಳಿ (4:3), ಯಾವಾಗಲೂ ಸಂತೋಷಪಡಿ, ಬಿಡದೆ ಪ್ರಾರ್ಥಿಸಿ, ಎಲ್ಲದರಲ್ಲೂ ಕೃತಜ್ಞರಾಗಿರಿ (5:16–18). ಯಾವ ಊರು, ಯಾವ ಕೆಲಸ ಅನ್ನುವುದು ಅಲ್ಲಿಲ್ಲ. ಆದರೂ ಅರ್ಧ ಪ್ರಶ್ನೆ ಇಲ್ಲೇ ಬಗೆಹರಿಯುತ್ತದೆ. ಇಲ್ಲದ ಅನುಭವಕ್ಕೆ ಸರ್ಟಿಫಿಕೇಟ್ ಮಾಡಿಸಿ ಕೊಡಿ ಅಂತ ಏಜೆಂಟ್ ಹೇಳಿದರೆ ಅದಕ್ಕೆ ಉಪವಾಸ ಪ್ರಾರ್ಥನೆ ಬೇಕಿಲ್ಲ, ಆಗುವುದಿಲ್ಲ ಅಂದುಬಿಡಿ.

ಅಮ್ಮನ ವಿಷಯವೂ ಹಾಗೇ. ತಂದೆತಾಯಿಗೆ ಸಲ್ಲಬೇಕಾದದ್ದನ್ನು 'ಕೊರ್ಬಾನ್', ದೇವರಿಗೆ ಕೊಟ್ಟಾಯಿತು ಅಂತ ಹೇಳಿ ಜಾರಿಕೊಳ್ಳುವುದನ್ನು ಯೇಸುಸ್ವಾಮಿ ಖಂಡಿಸಿದ್ದು ಮಾರ್ಕನ ಸುವಾರ್ತೆಯ 7ನೇ ಅಧ್ಯಾಯದಲ್ಲಿದೆ. ಹಾಗಾಗಿ ಅಮ್ಮನನ್ನು ದೇವರು ನೋಡಿಕೊಳ್ಳುತ್ತಾನೆ ಅಂದರೆ ಸಾಲದು. ಇನ್ಸುಲಿನ್ ಯಾರು ಚುಚ್ಚುತ್ತಾರೆ, ರಾತ್ರಿ ಶುಗರ್ ಇಳಿದರೆ ಯಾರು ಓಡಿ ಬರುತ್ತಾರೆ, ಹೆಸರು ಬರೆಯಿರಿ. ಹೆಸರೇ ಸಿಗದಿದ್ದರೆ ಅದೂ ಒಂದು ಉತ್ತರ.

ಗುರುತು ಹುಡುಕುವುದನ್ನು ದಯವಿಟ್ಟು ಬಿಡಿ. ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ಸಿಕ್ಕ ವಾಗ್ದಾನದ ಕಾರ್ಡನ್ನು, ಅಂದರೆ ಬೈಬಲ್ ವಚನ ಬರೆದ ಚೀಟಿಯನ್ನು, ಬೈಬಲ್ ಒಳಗಿಟ್ಟು ವರ್ಷವಿಡೀ ಧ್ಯಾನಿಸುವುದು ಒಳ್ಳೆಯದೇ. ಆದರೆ ಕಾರ್ಡಿನಲ್ಲಿ ಯೆರೆಮೀಯ 29:11 (ನಿಮಗೆ ಒಳ್ಳೆಯ ಭವಿಷ್ಯ, ನಿರೀಕ್ಷೆ ಕೊಡುವ ಯೋಚನೆ ನನ್ನದು ಅನ್ನುವ ದೇವರ ಮಾತು) ಬಂತು, ಹಾಗಾದರೆ ವೀಸಾ ಖಂಡಿತ ಅನ್ನುವುದು ಸರಿಯಲ್ಲ. ಆ ಮಾತು ಬಾಬೆಲಿಗೆ ಸೆರೆಹೋದ ಜನರಿಗೆ ಬರೆದ ಪತ್ರದ್ದು. ಅದರ ಹಿಂದಿನ ವಚನದಲ್ಲೇ, ಊರಿಗೆ ಮರಳುವುದು 70 ವರ್ಷ ತುಂಬಿದ ಮೇಲೆ ಅನ್ನುವ ಲೆಕ್ಕ ಇದೆ. ಅಲ್ಲಿಯವರೆಗೆ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಆ ಊರಿನ ಕ್ಷೇಮಕ್ಕೆ ಪ್ರಾರ್ಥಿಸಿ ಅನ್ನುತ್ತದೆ ಪತ್ರ. ಬೈಬಲಿನಲ್ಲಿ ಇಸ್ರಾಯೇಲ್ಯರ ನಾಯಕ ಗಿದ್ಯೋನ ಕುರಿಯ ಉಣ್ಣೆ ಹಾಸಿ ಗುರುತು ಕೇಳಲಿಲ್ವಾ ಅಂತೀರಿ. ಕೇಳಿದ. ಆದರೆ ಏನು ಮಾಡಬೇಕು ಅಂತ ದೇವರು ಅವನಿಗೆ ಮೊದಲೇ ಸ್ಪಷ್ಟವಾಗಿ ಹೇಳಿಯಾಗಿತ್ತು, ಮತ್ತು ಎರಡನೇ ಸಲ ಕೇಳುವಾಗ ಸಿಟ್ಟಾಗಬೇಡ ಅಂತ ಅವನೇ ಬೇಡಿಕೊಂಡ.

ಮನಸ್ಸನ್ನು ಗಮನಿಸುವುದಕ್ಕೆ ಲೊಯೋಲಾದ ಸಂತ ಇಗ್ನೇಷಿಯಸ್ ಅವರಿಂದ ಕಲಿಯಬಹುದು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು ಕಟ್ಟಿದ ಜೆಸ್ವಿಟರ (ಒಂದು ಕ್ಯಾಥೊಲಿಕ್ ಸನ್ಯಾಸಿ ಸಂಘ) ಸಂಸ್ಥಾಪಕರಲ್ಲಿ ಮುಖ್ಯರು ಇವರು. ಪ್ರೊಟೆಸ್ಟೆಂಟರೂ ಧಾರಾಳವಾಗಿ ಕಲಿಯಬಹುದು. 1521ರಲ್ಲಿ ಪಾಂಪ್ಲೋನಾದಲ್ಲಿ ಫಿರಂಗಿ ಗುಂಡು ಬಿದ್ದು ಕಾಲು ಮುರಿದು ಮಲಗಿದ್ದಾಗ ಅವರಿಗೊಂದು ವಿಷಯ ಹೊಳೆಯಿತು. ಶೂರನಾಗಿ ಮೆರೆಯುವ ಕನಸು ಆ ಹೊತ್ತಿಗೆ ಖುಷಿ ಕೊಟ್ಟು ಆಮೇಲೆ ಮನಸ್ಸನ್ನು ಒಣಗಿಸುತ್ತಿತ್ತು, ಸಂತರ ಹಾಗೆ ಬಾಳುವ ಯೋಚನೆಯ ಸಂತೋಷ ಮಾತ್ರ ಉಳಿಯುತ್ತಿತ್ತು. ನೀವೂ ಹೀಗೆ ಮಾಡಿ. ಎರಡು ದಿನ ಹೋಗುವುದು ಗಟ್ಟಿ ಅಂದುಕೊಂಡು ಬದುಕಿ, ಮುಂದಿನ ಎರಡು ದಿನ ಇಲ್ಲೇ ಉಳಿಯುತ್ತೇನೆ ಅಂದುಕೊಂಡು. ಪ್ರತಿ ರಾತ್ರಿ ಪ್ರಾರ್ಥನೆ ಆದಮೇಲೆ ಮನಸ್ಸು ಹೇಗಿದೆ ಅಂತ ನೋಟ್‌ಬುಕ್‌ನಲ್ಲಿ ಬರೆಯಿರಿ. ಇದೇ ಪ್ರಶ್ನೆ ಗುರುತಿಲ್ಲದವರು ತಂದಿದ್ದರೆ ಏನು ಹೇಳುತ್ತಿದ್ದಿರಿ ಅಂತಲೂ ಕೇಳಿಕೊಳ್ಳಿ, ಅದೂ ಇಗ್ನೇಷಿಯಸ್ ಅವರದೇ ಸಲಹೆ.

ಆಮೇಲೆ ಜನರನ್ನು ಕೇಳಿ. ನಿಮ್ಮ ಒಳ್ಳೆಯದು ಕೆಟ್ಟದ್ದು ಎರಡೂ ಗೊತ್ತಿರುವ ಸಭೆಯ ಹಿರಿಯರು, ಅಲ್ಲಿ ಕೆಲಸ ಮಾಡಿ ಬಂದ ನರ್ಸ್ ಒಬ್ಬರು, ಎಲ್ಲಕ್ಕಿಂತ ಮುಖ್ಯವಾಗಿ ಅಮ್ಮ. ಕಮಿಷನ್ ಸಿಗುವವರ ಸಲಹೆ ಲೆಕ್ಕಕ್ಕಿಲ್ಲ. ಏಜೆನ್ಸಿ ಸರ್ಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿ, ಅಂದರೆ ವಿದೇಶಕ್ಕೆ ಕೆಲಸಕ್ಕೆ ಕಳಿಸುವ ನೋಂದಾಯಿತ ಏಜೆನ್ಸಿಗಳ ಪಟ್ಟಿಯಲ್ಲಿ, ಇದೆಯಾ ಅಂತ ನೋಡುವುದು ಅಪನಂಬಿಕೆ ಅಲ್ಲ. ಸಭೆಗೆ ಬಂದ ಬೋಧಕರೊಬ್ಬರು ತಲೆ ಮೇಲೆ ಕೈಯಿಟ್ಟು "ಹೋಗು ಅಂತ ಕರ್ತನು ಹೇಳುತ್ತಿದ್ದಾನೆ" ಅಂದರೆ? ತಾತ್ಸಾರ ಬೇಡ, ಆದರೆ ಪರೀಕ್ಷಿಸಿ ಅಂತ ಅದೇ ಥೆಸಲೋನಿಕ ಪತ್ರ ಹೇಳುತ್ತದೆ. ಅದೊಂದರ ಮೇಲೆ ಟಿಕೆಟ್ ಮಾಡಿಸಬೇಡಿ.

ಇಷ್ಟಾದರೂ ಆಕಾಶದಿಂದ ಧ್ವನಿ ಬರದೇ ಇರಬಹುದು. ಎರಡೂ ದಾರಿಯಲ್ಲಿ ಪಾಪವಿಲ್ಲ, ಯಾರಿಗೂ ಅನ್ಯಾಯವಿಲ್ಲ ಅಂದರೆ ನಿಮಗೆ ಸರಿ ಕಂಡದ್ದನ್ನು ಆರಿಸಿ. ಕೊಟ್ಟ ಗಡುವಿನೊಳಗೆ ಉತ್ತರ ಕಳಿಸಿ. ಅಪೊಸ್ತಲರ ಕೃತ್ಯಗಳು 16ರಲ್ಲಿ ಪೌಲನಿಗೆ ಬಿಥೂನ್ಯ ಸೀಮೆಯ ದಾರಿ ಮುಚ್ಚಿತು, ತ್ರೋವ ಪಟ್ಟಣದಲ್ಲಿ ಮಕೆದೋನ್ಯಕ್ಕೆ ಬಾ ಅಂತ ಕರೆಯುವ ದರ್ಶನವಾಯಿತು, ಜೊತೆಗಿದ್ದವರೆಲ್ಲ ಸೇರಿ ನಿಶ್ಚಯಿಸಿ ಮಕೆದೋನ್ಯಕ್ಕೆ ಹೊರಟರು. ಅಷ್ಟು ಸ್ಪಷ್ಟವಾಗಿ ಕರೆದ ಸೀಮೆಯಲ್ಲೇ, ಅಲ್ಲಿನ ಫಿಲಿಪ್ಪಿ ಪಟ್ಟಣದಲ್ಲಿ, ಪೌಲನಿಗೂ ಜೊತೆಗಾರ ಸೀಲನಿಗೂ ಸಿಕ್ಕಿದ್ದು ಏಟು ಮತ್ತು ಜೈಲು. ಕಷ್ಟ ಬಂದ ಮಾತ್ರಕ್ಕೆ ತಪ್ಪು ದಾರಿ ಅಂತಲ್ಲ, ಅಲ್ವಾ? ಕುವೈತಿಗೆ ಹೋದ ಮೊದಲ ತಿಂಗಳು ರೂಮಿನಲ್ಲಿ ಕೂತು ಅಳು ಬಂದರೆ, ಅಥವಾ ಇಲ್ಲೇ ಉಳಿದು ಗೆಳತಿಯರ ಫೋಟೋ ನೋಡಿ ಹೊಟ್ಟೆ ಉರಿದರೆ, ಆ ವಾರದಲ್ಲಿ ತೀರ್ಮಾನ ಬದಲಿಸಬೇಡಿ. ಮನಸ್ಸು ಕುಗ್ಗಿದಾಗ ಹಿಂದಿನ ತೀರ್ಮಾನವನ್ನು ಮುಟ್ಟಬೇಡಿ ಅಂತ ಇಗ್ನೇಷಿಯಸ್ ಕೂಡ ಹೇಳುತ್ತಾರೆ. ಸಂಬಳ ಕೊಡದೆ ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡರೆ ಮಾತ್ರ ಬೇರೆ ಮಾತು. ಆಗ ಸಹಿಸಿಕೊಂಡು ಕೂರಬೇಡಿ, ಸೀದಾ ಭಾರತೀಯ ರಾಯಭಾರ ಕಚೇರಿಗೆ ಹೋಗಿ.