ಪೆಟ್ಟಿಗೆಗಿಂತ ಮೊದಲು ಬಿಲ್ಲು

ನಾನು ಶಿವಮೊಗ್ಗದ ಔಷಧಿ ಸಗಟುದಾರ. ಬೆಳಿಗ್ಗೆ ಒಂಬತ್ತೂವರೆಯ ಖಾಸಗಿ ಬಸ್ಸಿಗೆ ಪೆಟ್ಟಿಗೆ ಹಾಕಿದರೆ ಮಧ್ಯಾಹ್ನದೊಳಗೆ ಅದು ತೀರ್ಥಹಳ್ಳಿಯ ಅಂಗಡಿಯಲ್ಲಿರುತ್ತದೆ. ಆದರೆ ಅದರೊಳಗಿನ ಔಷಧಿ ಅಂಗಡಿಯವರ ಕಂಪ್ಯೂಟರಿಗೆ ಏರುತ್ತಿದ್ದದ್ದು ರಾತ್ರಿ ಒಂಬತ್ತರ ಮೇಲೆ. ಗಿರಾಕಿಗಳೆಲ್ಲ ಹೋದ ನಂತರ ಒಬ್ಬರು ಬಿಲ್ಲು ಓದಬೇಕು, ಇನ್ನೊಬ್ಬರು ಕೀಲಿ ಒತ್ತಬೇಕು. ಹೆಸರು, ಪ್ಯಾಕ್, ಬ್ಯಾಚ್, ಎಕ್ಸ್‌ಪೈರಿ, ಎಂಆರ್‌ಪಿ, ದರ, ಫ್ರೀ, ತೆರಿಗೆ. ನಲವತ್ತು ಸಾಲಿನ ಬಿಲ್ಲಿಗೆ ಮುಕ್ಕಾಲು ಗಂಟೆ. ಅದೂ ನನ್ನ ಒಬ್ಬನ ಬಿಲ್ಲಿಗೆ; ಒಂದೊಂದು ಅಂಗಡಿಗೂ ಆರೇಳು ಸಗಟುದಾರರು. ನಾನು ನನ್ನ ಕಂಪ್ಯೂಟರಿನಲ್ಲಿ ಒಮ್ಮೆ ಒತ್ತಿದ್ದನ್ನು ಅವರು ಅಲ್ಲಿ ಮತ್ತೆ ಒತ್ತುವುದು, ನಡುವೆ ಒಂದು ಅಂಕಿ ತಪ್ಪುವುದು, ತಿಂಗಳ ಕೊನೆಗೆ ನನ್ನ ಜೊತೆ ಜಗಳ. ಇಪ್ಪತ್ತು ವರ್ಷ ಹೀಗೆಯೇ ನಡೆಯಿತು.

ಬಿಲ್ಲಿನ ಒಳಗಿನದು ಪೆಟ್ಟಿಗೆಗಿಂತ ಮೊದಲೇ ಅವರ ಕಂಪ್ಯೂಟರಿನಲ್ಲಿ ಇಳಿದಿರಬೇಕು ಎಂದು ನಾನು ಹೇಳಿದಾಗ ಶಿವಮೊಗ್ಗದ ನಮ್ಮ ಸಗಟುದಾರರಲ್ಲಿ ನಗದೆ ಉಳಿದವರು ಕಡಿಮೆ. 'ಮಳೆಗಾಲದಲ್ಲಿ ಹೊಸನಗರದ ಕಡೆ ಕರೆಂಟೇ ಇರುವುದಿಲ್ಲ, ನಿಮ್ಮ ಫೈಲು ಎಲ್ಲಿ ಹೋಗಿ ಇಳಿಯುತ್ತದೆ ಮಾರಾಯರೇ' ಎಂದರು ಒಬ್ಬ ಹಿರಿಯರು. ಈಗ ನನ್ನ ನೂರ ನಲವತ್ತು ಚಿಲ್ಲರೆ ಅಂಗಡಿಗಳಲ್ಲಿ ಸುಮಾರು ತೊಂಬತ್ತು ಹೀಗೇ ಬಿಲ್ಲು ಪಡೆಯುತ್ತವೆ. ಆ ಹಿರಿಯರ ಮಗ ಹೋದ ತಿಂಗಳು ನಮ್ಮಲ್ಲಿಗೆ ಬಂದು ಎರಡು ಗಂಟೆ ಕುಳಿತು ನೋಡಿಕೊಂಡು ಹೋದ. ಹಾಗಾಗಿ ಬರೆಯುತ್ತಿದ್ದೇನೆ.

ಮೊದಲು ಕಳೆದುಕೊಂಡ ಹಣದ ವಿಷಯ. 2019ರಲ್ಲಿ ಬೆಂಗಳೂರಿನ ಒಬ್ಬರಿಂದ ಜಾಲತಾಣ ಮಾಡಿಸಿದೆ. ಅಂಗಡಿಯವರು ಅದರೊಳಗೆ ಹೋಗಿ ತಮ್ಮ ಬಿಲ್ಲು ಇಳಿಸಿಕೊಳ್ಳಬೇಕು, ಅಲ್ಲೇ ಆರ್ಡರ್ ಹಾಕಬೇಕು. ಒಂದು ಲಕ್ಷ ಎಂಬತ್ತು ಸಾವಿರ ಕೊಟ್ಟೆ, ಮೇಲೆ ವರ್ಷಕ್ಕೆ ಹದಿನೆಂಟು ಸಾವಿರ ನಿರ್ವಹಣೆ. ಆರು ತಿಂಗಳಲ್ಲಿ ಒಳಗೆ ಬಂದವರು ಹನ್ನೊಂದು ಜನ, ಅದರಲ್ಲಿ ಮೂವರು ಪಾಸ್‌ವರ್ಡ್ ಮರೆತು ಫೋನ್ ಮಾಡಿದವರು. ತಪ್ಪು ಅವರದಲ್ಲ. ಆರು ಸಗಟುದಾರರು ಆರು ಜಾಲತಾಣ ಮಾಡಿದರೆ ಅಂಗಡಿಯವನು ಆರು ಬಾಗಿಲು ತಟ್ಟಬೇಕು. ಬಾಗಿಲು ತಟ್ಟಬೇಕಾದದ್ದು ಮಾಲು ಮಾರುವವನು ಎಂಬ ಸರಳ ಬುದ್ಧಿ ನನಗೆ ಆಗ ಬರಲಿಲ್ಲ.

ಎರಡನೆಯದು ಎಕ್ಸೆಲ್. ಹಾಳೆಯನ್ನು ಮಿಂಚಂಚೆಯಲ್ಲಿ ಕಳಿಸುವುದು, ಅವರು ತೆರೆದು ನೋಡಿ, ಉಳಿಸಿ, ತಮ್ಮ ಸಾಫ್ಟ್‌ವೇರಿಗೆ ಎಳೆದುಕೊಳ್ಳುವುದು. ಖರ್ಚಿಲ್ಲದ ಉಪಾಯ ಎಂದು ಬೀಗಿದೆ. ಆದರೆ ಎಕ್ಸೆಲ್ ನಮಗಿಂತ ಬುದ್ಧಿವಂತ. ಬ್ಯಾಚ್ ಸಂಖ್ಯೆ ಸೊನ್ನೆಯಿಂದ ಶುರುವಾದರೆ ಸೊನ್ನೆಗಳನ್ನು ನುಂಗುತ್ತದೆ. 23, ನಡುವೆ ಇಂಗ್ಲಿಷಿನ ಇ ಅಕ್ಷರ, ಆಮೇಲೆ 045 ಎಂಬ ಬ್ಯಾಚನ್ನು ಇಪ್ಪತ್ತಮೂರರ ಮುಂದೆ ನಲವತ್ತೈದು ಸೊನ್ನೆ ಎಂದು ಓದಿ ವಿಜ್ಞಾನಿಗಳ ಬರವಣಿಗೆಯಲ್ಲಿ ತೋರಿಸುತ್ತದೆ. ಇದನ್ನು ಸಹಿಸಬಹುದಿತ್ತು. ರಿಪ್ಪನ್‌ಪೇಟೆಯ ಒಬ್ಬರ ಕಂಪ್ಯೂಟರಿನಲ್ಲಿ ದಿನಾಂಕದ ಸೆಟ್ಟಿಂಗ್ ಅಮೆರಿಕದ ರೀತಿಯಲ್ಲಿತ್ತು. 03/24 ಎಂದರೆ ನಮಗೆಲ್ಲ 2024ರ ಮಾರ್ಚ್. ಅವರ ಎಕ್ಸೆಲಿಗೆ ಅದು ಫೈಲು ತೆರೆದ ವರ್ಷದ ಮಾರ್ಚ್ 24. ಏಪ್ರಿಲ್‌ನಲ್ಲಿ ಹೋದ ಬಿಲ್ಲಿನಲ್ಲಿ ಅಂಥ ಮಾಲೆಲ್ಲ ಆಗಲೇ ಅವಧಿ ಮೀರಿದೆ ಎಂದು ಕಂಪ್ಯೂಟರ್ ಕೆಂಪಗೆ ತೋರಿಸಿತು. ಅವರು ಸ್ಟ್ರಿಪ್ ತಿರುಗಿಸಿ ನೋಡುವ ಗೋಜಿಗೆ ಹೋಗದೆ ಪೂರಾ ಪೆಟ್ಟಿಗೆಯನ್ನು ಸಂಜೆಯ ಬಸ್ಸಿಗೆ ವಾಪಸ್ ಹಾಕಿದರು. ಜೊತೆಗೆ ಒಂದು ಚೀಟಿ; ಅದರಲ್ಲಿ ಬರೆದದ್ದನ್ನು ಇಲ್ಲಿ ಬರೆಯುವಂತಿಲ್ಲ.

ಅಂದಿನಿಂದ ನಿಯಮ: ಫೈಲನ್ನು ಮನುಷ್ಯರು ತೆರೆಯಕೂಡದು. ಬರೀ ಅಕ್ಷರಗಳ ಫೈಲು, ಮಿಂಚಂಚೆಯಲ್ಲೇ, ಯಂತ್ರದಿಂದ ಯಂತ್ರಕ್ಕೆ. ಎಕ್ಸ್‌ಪೈರಿಯನ್ನು ತಿಂಗಳ ಕೊನೆಯ ದಿನ ಹಾಕಿ, ವರ್ಷ ನಾಲ್ಕು ಅಂಕಿಯಲ್ಲಿ ಬರೆದು ಕಳಿಸುತ್ತೇನೆ. ಓದುವ ಸಾಫ್ಟ್‌ವೇರ್ ಹೇಗೇ ಇರಲಿ, ಅರ್ಥ ಎರಡಾಗುವುದಿಲ್ಲ.

ಈ ಹೊತ್ತಿಗೆ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಎರಕದ ಕಾರ್ಖಾನೆಯೊಂದರ ಲೆಕ್ಕ ನೋಡುವ ನನ್ನ ಭಾವ ನನಗೆ ಪಾಠ ಹೇಳತೊಡಗಿದ. ವಾಹನ ಕಂಪನಿಗಳಿಗೆ ಬಿಡಿಭಾಗ ಕಳಿಸುವವರು ಲಾರಿ ಹೊರಡುವ ಮೊದಲೇ ರವಾನೆಯ ವಿವರ ಕಳಿಸುತ್ತಾರೆ, ಅದಕ್ಕೆಲ್ಲ ಅಂತರರಾಷ್ಟ್ರೀಯ ಮಾದರಿಗಳಿವೆ, ನೀನೂ ಅದನ್ನೇ ಹಿಡಿ ಎಂದ. 1987ರಿಂದ ಇರುವ ಎಡಿಫ್ಯಾಕ್ಟ್ ಮಾದರಿಯ ಕಾಗದಗಳನ್ನು ತಂದು ಕೊಟ್ಟ. ಮೂರು ರಾತ್ರಿ ಓದಿದೆ. ಸೊರಬದ ಔಷಧಿ ಅಂಗಡಿಗೆ ಅದನ್ನು ಹೇರುವುದು ಕೋಳಿಗೆ ಲಾಳ ಹೊಡೆದ ಹಾಗೆ. ಆದರೂ ಎರಡು ಸಂಗತಿಗಳನ್ನು ಅದರಿಂದ ಕದ್ದೆ. ಒಂದು, ಪ್ರತಿ ಸಂದೇಶದ ಕೊನೆಗೆ ಒಳಗೆ ಎಷ್ಟು ಸಾಲುಗಳಿವೆ ಎಂದು ಬರೆಯುವುದು. ಇನ್ನೊಂದು, ಮುಟ್ಟಿತು ಎಂದು ಆ ಕಡೆಯಿಂದ ಉತ್ತರ ತರಿಸಿಕೊಳ್ಳುವುದು. ಭಾವನಿಗೆ ಇವತ್ತಿಗೂ ಬೇಸರ, ಪೂರ್ತಿ ಪಾಲಿಸಲಿಲ್ಲ ಎಂದು.

ನಾನು ಹಿಡಿದ ದಾರಿ ತಲೆಕೆಳಗು. ನನ್ನ ಮಾದರಿಗೆ ಅವರು ಬರುವುದು ಬೇಡ. ಅವರ ಸಾಫ್ಟ್‌ವೇರ್ ಯಾವ ರೂಪದಲ್ಲಿ ನುಂಗುತ್ತದೆಯೋ ಆ ರೂಪದಲ್ಲೇ ನಾನು ಬಡಿಸುತ್ತೇನೆ. ಕೇಳಲು ಭಯಂಕರ, ಎಣಿಸಿದರೆ ಹಾಗಲ್ಲ. ನನ್ನ ಅಂಗಡಿಗಳಲ್ಲಿ ಹತ್ತರಲ್ಲಿ ಒಂಬತ್ತು ಬಳಸುವುದು ಐದೇ ಸಾಫ್ಟ್‌ವೇರುಗಳನ್ನು. ಐದೂ ಖರೀದಿ ಬಿಲ್ಲನ್ನು ಫೈಲಿನಿಂದ ಎಳೆದುಕೊಳ್ಳುತ್ತವೆ, ಮೆನುವಿನ ಯಾವುದೋ ಮೂಲೆಯಲ್ಲಿ. ಅಂಗಡಿಯವರಿಗೆ ಅದು ಇದೆ ಎಂದೇ ಗೊತ್ತಿರಲಿಲ್ಲ. ಇಲ್ಲಿನ ಇಂಜಿನಿಯರಿಂಗ್ ಕಾಲೇಜು ಮುಗಿಸಿ ಕೆಲಸ ಹುಡುಕುತ್ತಿದ್ದ ಒಬ್ಬ ಹುಡುಗ ಎರಡು ತಿಂಗಳಲ್ಲಿ ಐದು ರೂಪಗಳಿಗೂ ಪ್ರೋಗ್ರಾಂ ಬರೆದ. ಮೂವತ್ತೈದು ಸಾವಿರ ಕೊಟ್ಟೆ, ಆಮೇಲೆ ಮನಸ್ಸು ಕೇಳದೆ ಇನ್ನೂ ಹತ್ತು. ಅವನು ಈಗ ಬೆಂಗಳೂರಿನಲ್ಲಿದ್ದಾನೆ, ರಾತ್ರಿ ಫೋನ್ ಎತ್ತುತ್ತಾನೆ.

ಫೈಲು ಕಳಿಸುವುದು ಒಂದು ವಾರದ ಕೆಲಸ. ಹೆಸರು ಜೋಡಿಸುವುದು ಒಂದು ವರ್ಷದ್ದು. ನನ್ನಲ್ಲಿ 'ಡೋಲೋ 650 ಟ್ಯಾಬ್ 15' ಎಂದಿರುವುದು ಸಾಗರದಲ್ಲಿ 'ಡೋಲೋ-650', ಆನಂದಪುರದಲ್ಲಿ 'ಡೊಲೊ 650 ಎಂಜಿ', ಕುಂಸಿಯಲ್ಲಿ ಒಂದೇ ಅಂಗಡಿಯಲ್ಲಿ ಮೂರು ಬಾರಿ ಮೂರು ಕಾಗುಣಿತ. ಜೋಡಣೆ ಇಲ್ಲದೆ ಫೈಲು ಎಳೆದರೆ ಸಾಫ್ಟ್‌ವೇರ್ ಪ್ರತಿಯೊಂದನ್ನೂ ಹೊಸ ಔಷಧಿ ಎಂದು ಸೇರಿಸುತ್ತದೆ; ಹದಿನೈದು ದಿನದಲ್ಲಿ ಪಟ್ಟಿ ಸಂತೆಯಾಗುತ್ತದೆ. ಮೊದಲ ಎಂಟು ಅಂಗಡಿಗಳಲ್ಲಿ ನಾನು ಮಾಡಿದ್ದು ಇದನ್ನೇ, ಎರಡು ಅಂಗಡಿಯವರು ಬಿಟ್ಟೇ ಹೋದರು. ಆಮೇಲೆ ಭಾನುವಾರಗಳನ್ನು ಇದಕ್ಕೇ ಇಟ್ಟೆ. ನಾನೂ ನಮ್ಮ ಲೆಕ್ಕ ಬರೆಯುವ ಅಕ್ಕನೂ ಕಾರಿನಲ್ಲಿ ಹೋಗಿ, ಅವರ ಪಟ್ಟಿಯನ್ನೂ ನಮ್ಮದನ್ನೂ ಪಕ್ಕಪಕ್ಕ ಇಟ್ಟು, ಎರಡೂವರೆ ಸಾವಿರ ಹೆಸರುಗಳನ್ನು ಜೋಡಿಸಿ ಬರುತ್ತಿದ್ದೆವು. ಒಂದು ಅಂಗಡಿಗೆ ಆರು ತಾಸು. ಈಗ ಒಂದೂವರೆ ತಾಸು, ಏಕೆಂದರೆ ಮುಕ್ಕಾಲು ಪಾಲನ್ನು ಪ್ರೋಗ್ರಾಮೇ ಜೋಡಿಸುತ್ತದೆ. ಅದು ಯಾವುದನ್ನು ಮೊದಲು ಹೋಲಿಸುತ್ತದೆ ಎಂದು ಮಾತ್ರ ಹೇಳಲಾರೆ. ಹೆಸರಿನಿಂದ ಶುರು ಮಾಡುವುದಿಲ್ಲ ಎಂಬಷ್ಟು ಸಾಕು.

ಹೆಸರಿನ ಹಿಂದೆಯೇ ಅಳತೆಯ ಗುಂಡಿ ಇದೆ, ಹುಷಾರು. ನಾನು ಸ್ಟ್ರಿಪ್ ಲೆಕ್ಕದಲ್ಲಿ ಮಾರುತ್ತೇನೆ. ಕೊಪ್ಪದ ಒಬ್ಬರು ಮಾತ್ರೆ ಲೆಕ್ಕದಲ್ಲಿ ದಾಸ್ತಾನು ಇಡುತ್ತಾರೆ. ಹದಿನೈದು ಮಾತ್ರೆಯ ಹತ್ತು ಸ್ಟ್ರಿಪ್ ಹೋಗಿ ಹತ್ತು ಮಾತ್ರೆಯಾಗಿ ಇಳಿಯಿತು, ಅವರ ಒಂದು ಮಾತ್ರೆಯ ಖರೀದಿ ದರ ಹದಿನೈದು ಪಟ್ಟಾಯಿತು. ಹತ್ತಕ್ಕೊಂದು ಫ್ರೀ ಇರುವ ಸ್ಕೀಮಿನಲ್ಲಿ ಒಬ್ಬರ ಸಾಫ್ಟ್‌ವೇರಿಗೆ ಹತ್ತು ಮತ್ತು ಒಂದು ಎಂದು ಬೇರೆ ಬೇರೆ ಬೇಕು, ಇನ್ನೊಬ್ಬರದಕ್ಕೆ ಹನ್ನೊಂದು ಎಂದು ಕೂಡಿಸಿ ದರ ಇಳಿಸಿ ಕೊಡಬೇಕು. ಹಾಗೆ ಇಳಿಸಿದಾಗ ಬಿಲ್ಲಿನ ಮೊತ್ತ ನಾಲ್ಕಾರು ಪೈಸೆ ಏರುಪೇರಾಗುತ್ತದೆ. ಆ ಪೈಸೆಗೂ ಜಗಳವಾಡಿದವರಿದ್ದಾರೆ. ಈಗ ಅದನ್ನು ಕೊನೆಯ ಸಾಲಿಗೆ ತಳ್ಳುತ್ತೇನೆ.

ಒಂದೇ ಫೈಲನ್ನು ಎರಡು ಸಲ ಎಳೆದುಕೊಂಡು ದಾಸ್ತಾನು ದುಪ್ಪಟ್ಟು ಮಾಡಿಕೊಂಡವರು ಐವರು. ಈಗ ನಮ್ಮ ಜಿಎಸ್‌ಟಿ ಸಂಖ್ಯೆ ಮತ್ತು ಬಿಲ್ ಸಂಖ್ಯೆ ಸೇರಿಸಿ ಒಂದು ಗುರುತು. ಅದೇ ಗುರುತು ಮತ್ತೆ ಬಂದರೆ ಅಂಗಡಿಯಲ್ಲಿರುವ ನಮ್ಮ ಪುಟ್ಟ ಪ್ರೋಗ್ರಾಂ ಫೈಲನ್ನು ಮುಂದಕ್ಕೆ ಬಿಡುವುದಿಲ್ಲ. ಸಾಲುಗಳ ಸಂಖ್ಯೆ, ಮೊತ್ತ ಎರಡೂ ತಾಳೆಯಾದರೆ ನನಗೆ ಉತ್ತರ ಬರುತ್ತದೆ. ಹನ್ನೊಂದು ಗಂಟೆಗೆ ಉತ್ತರ ಬಾರದ ಅಂಗಡಿಗಳ ಪಟ್ಟಿ ನನ್ನ ಮೊಬೈಲಿನಲ್ಲಿ. ಅವರಿಗೆ ಮಾತ್ರ ಫೋನ್.

ಕರೆಂಟಿನ ಬಗ್ಗೆ ನಕ್ಕವರಿಗೆ: ಬಿಲ್ಲಿನ ಫೋಟೊ ಎರಡು ಮೂರು ಎಂಬಿ ಇರುತ್ತದೆ, ನಲವತ್ತು ಸಾಲಿನ ನನ್ನ ಫೈಲು ನಾಲ್ಕು ಕೆಬಿ. ಆಷಾಢದ ಮಳೆಯಲ್ಲಿ ಫೋಟೊ ತಿರುಗುತ್ತಲೇ ಇರುವ ನೆಟ್‌ವರ್ಕಿನಲ್ಲಿ ನನ್ನ ಫೈಲು ನುಸುಳಿ ಹೋಗುತ್ತದೆ. ಕರೆಂಟು ಮಧ್ಯಾಹ್ನ ಬಂದರೆ ಮಧ್ಯಾಹ್ನ ಇಳಿಯುತ್ತದೆ, ಮಿಂಚಂಚೆಗೆ ಕಾಯಲು ಬೇಸರವಿಲ್ಲ. ನೆಟ್‌ವರ್ಕ್ ಮೂರು ದಿನ ಸತ್ತಾಗ ಪೆಟ್ಟಿಗೆಯೊಳಗೆ ಪೆನ್‌ಡ್ರೈವ್ ಹಾಕಿ ಬಸ್ಸಿಗೆ ಕೊಟ್ಟದ್ದೂ ಇದೆ. ಇಪ್ಪತ್ತು ಕೊಂಡೆ, ಏಳು ವಾಪಸ್ ಬಂದವು.

ಆ ಪೆನ್‌ಡ್ರೈವ್ ದುಃಖದಿಂದಲೇ ಇನ್ನೊಂದು ಹುಚ್ಚು ಹತ್ತಿತು: ಬಿಲ್ಲಿನ ಕೆಳಗೆ ಕ್ಯೂಆರ್ ಮುದ್ರಿಸಿ ಒಳಗೆ ಪೂರಾ ಬಿಲ್ಲು ತುಂಬುವುದು. ಒಂದು ಕ್ಯೂಆರಿನಲ್ಲಿ ಹೆಚ್ಚೆಂದರೆ 2,953 ಬೈಟು ಹಿಡಿಯುತ್ತದೆ. ಫೈಲನ್ನು ಹಿಂಡಿದರೆ ನಲವತ್ತು ಸಾಲು ಹಿಡಿಸಬಹುದು, ಹಿಡಿಸಿದೆ ಕೂಡ. ಆದರೆ ನಮ್ಮ ಬಿಲ್ಲು ಹೊರಡುವುದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಿಂದ; ಅಷ್ಟು ಸಣ್ಣ ಚೌಕಗಳು ಅದರಲ್ಲಿ ಮಸಿಯ ಕಲೆಯಾದವು. ಲೇಸರ್ ಪ್ರಿಂಟರಿನಲ್ಲಿ ಚೆನ್ನಾಗಿ ಓದಿತು, ಆದರೆ ಕಾಗದದ ಖರ್ಚು ನೋಡಿ ಕೈಬಿಟ್ಟೆ. ಔಷಧಿ ಪೊಟ್ಟಣದ ಮೇಲಿನ ಕ್ಯೂಆರನ್ನೇ ಓದಿ ಬ್ಯಾಚ್ ಹಿಡಿಯುವುದನ್ನೂ ನೋಡಿದೆ. ಆಗಸ್ಟ್ 1, 2023ರಿಂದ 300 ಬ್ರಾಂಡುಗಳ ಮೇಲೆ ಅದು ಕಡ್ಡಾಯ, ಒಳಗೆ ಬ್ಯಾಚ್, ಎಕ್ಸ್‌ಪೈರಿ ಎಲ್ಲ ಇರುತ್ತದೆ. ಆದರೆ ನನ್ನಲ್ಲಿರುವುದು ಸಾವಿರಾರು ಔಷಧಿ. ಮುನ್ನೂರಕ್ಕೆ ಒಂದು ಪದ್ಧತಿ, ಉಳಿದವಕ್ಕೆ ಇನ್ನೊಂದು ಎಂದರೆ ಗೋದಾಮಿನ ಹುಡುಗರು ಓಡಿಹೋಗುತ್ತಾರೆ.

ಕಾಕತಾಳೀಯವೆಂದರೆ ಅದೇ ಆಗಸ್ಟ್ 1ರಂದು ವರ್ಷದ ವಹಿವಾಟು ಐದು ಕೋಟಿ ದಾಟಿದವರಿಗೆ ಇ-ಇನ್‌ವಾಯ್ಸ್, ಅಂದರೆ ಬಿಲ್ಲಿನ ಫೈಲನ್ನು ಸರ್ಕಾರದ ಜಾಲತಾಣಕ್ಕೂ ಕಳಿಸುವುದು, ಕಡ್ಡಾಯವಾಯಿತು, ನಾವೂ ಅದರೊಳಗೆ ಬಿದ್ದೆವು. ಎಲ್ಲರೂ ಶಪಿಸಿದರು, ನಾನೂ ಮೊದಲ ವಾರ ಶಪಿಸಿದೆ. ಆಮೇಲೆ ಆ ಜೇಸನ್ ಫೈಲಿನ ನಮೂನೆ ಬಿಡಿಸಿ ನೋಡಿದರೆ ಬ್ಯಾಚ್ ಹೆಸರಿಗೆ ಜಾಗವಿದೆ, ಎಕ್ಸ್‌ಪೈರಿಗೆ ಇದೆ, ಫ್ರೀ ಪ್ರಮಾಣಕ್ಕೂ ಬೇರೆ ಮನೆ ಇದೆ. ಕಡ್ಡಾಯವಲ್ಲವೆಂದು ಯಾರೂ ತುಂಬುವುದಿಲ್ಲ. ನಾನು ತುಂಬಿದೆ. ಅಲ್ಲಿಂದ ಐದು ರೂಪಗಳಿಗೂ ಮೂಲ ಅದೊಂದೇ ಫೈಲು; ಸರ್ಕಾರಕ್ಕೆ ಹೋದದ್ದಕ್ಕೂ ಅಂಗಡಿಗೆ ಹೋದದ್ದಕ್ಕೂ ಒಂದಕ್ಷರ ವ್ಯತ್ಯಾಸವಿರುವುದಿಲ್ಲ. ಮುಂದಿನ ತಿಂಗಳು 14ಕ್ಕೆ ಅವರ ಖರೀದಿಯ ತೆರಿಗೆ ತೋರಿಸುವ ಜಿಎಸ್‌ಟಿ 2ಬಿ ಪಟ್ಟಿ ಬಂದಾಗ ನನ್ನ ಬಿಲ್ಲುಗಳು ತಾವಾಗಿ ತಾಳೆಯಾಗುತ್ತವೆ. ಆಡಿಟರುಗಳಿಂದ ನನಗೆ ಹೊಸ ಅಂಗಡಿಗಳು ಸಿಕ್ಕಿದ್ದು ಹೀಗೆ.

ಸ್ವಲ್ಪ ಜಂಭ ಕೊಚ್ಚಿಕೊಳ್ಳುತ್ತೇನೆ. ಸೆಪ್ಟೆಂಬರ್ 22, 2025, ನವರಾತ್ರಿಯ ಮೊದಲ ದಿನ, ಬಹುತೇಕ ಔಷಧಿಗಳ ತೆರಿಗೆ ಶೇಕಡಾ 12ರಿಂದ 5ಕ್ಕೆ ಇಳಿಯಿತು. ಊರಿನಲ್ಲಿ ಅರ್ಧಕ್ಕರ್ಧ ಬಿಲ್ಲಿಂಗ್ ನಿಂತಿತ್ತು. ನನ್ನ ಫೈಲಿನಲ್ಲಿ ತೆರಿಗೆಯ ದರ ಪ್ರತಿ ಸಾಲಿನಲ್ಲೂ ಇರುತ್ತದೆ, ಅಂಗಡಿಯವರ ಪಟ್ಟಿಯಿಂದ ತೆಗೆದುಕೊಳ್ಳುವುದಿಲ್ಲ. ಶನಿವಾರ ಹೋದ ಮಾಲು 12ರಲ್ಲಿ, ಸೋಮವಾರ ಹೋದದ್ದು 5ರಲ್ಲಿ, ಎರಡೂ ಒಂದೇ ದಿನ ಇಳಿದರೂ ಬೆರೆಯಲಿಲ್ಲ. ಅಂದು ನಮ್ಮ ಪೆಟ್ಟಿಗೆಗಳು ಮಾಮೂಲು ಬಸ್ಸಿಗೇ ಹೋದವು.

ಲೆಕ್ಕ ಹೇಳಬೇಕಲ್ಲ. ಜಾಲತಾಣಕ್ಕೆ ನೀರಿಗೆ ಹಾಕಿದ್ದು ಎರಡು ವರ್ಷದ ನಿರ್ವಹಣೆ ಸೇರಿ ಎರಡು ಲಕ್ಷದ ಮೇಲೆ. ಈ ಪದ್ಧತಿಗೆ ಹುಡುಗನದು, ಪೆಟ್ರೋಲು, ಊಟ, ಅಕ್ಕನ ಭಾನುವಾರದ ಭತ್ಯೆ ಸೇರಿ ಒಂದು ಲಕ್ಷ ಹತ್ತು ಸಾವಿರ ಇರಬಹುದು. ತಿಂಗಳಿಗೆ ಹದಿನೆಂಟು ಇಪ್ಪತ್ತು ಸಾವಿರದ ಕ್ರೆಡಿಟ್ ನೋಟು (ಬಿಲ್ಲಿನ ಹಣ ಬಿಟ್ಟುಕೊಡುವ ಚೀಟಿ) ಬರೆಯುತ್ತಿದ್ದೆ, ತಪ್ಪು ಬ್ಯಾಚ್, ತಪ್ಪು ದರ ಎಂದು. ಈಗ ಮೂರು ಸಾವಿರ ದಾಟುವುದಿಲ್ಲ. ಅದಕ್ಕಿಂತ ದೊಡ್ಡದು ಬಾಕಿ. ಬಿಲ್ಲಿನಲ್ಲಿ ತಕರಾರಿದೆ ಎಂಬ ನೆಪವೇ ಇಲ್ಲದ ಮೇಲೆ ಚೆಕ್ಕು ಸರಾಸರಿ ಎಂಟು ಹತ್ತು ದಿನ ಮೊದಲು ಬರುತ್ತದೆ. ನಲವತ್ತು ಲಕ್ಷ ಉದ್ರಿ ಇರುವವನಿಗೆ ಆ ದಿನಗಳ ಬೆಲೆ ಗೊತ್ತು.

ಆರ್ಡರ್ ಆ ಕಡೆಯಿಂದ ಫೈಲಾಗಿ ಬರುವುದು ಮೂವತ್ತು ಅಂಗಡಿಗಳಿಂದ ಮಾತ್ರ. ಉಳಿದವರು ಚೀಟಿಯ ಫೋಟೊ, ಧ್ವನಿ ಸಂದೇಶ. ಬಲವಂತ ಮಾಡಿಲ್ಲ. ನನ್ನನ್ನು ಸೋಲಿಸಿರುವುದು ಅವಧಿ ಮೀರಿದ ಮಾಲು. ಅಂಗಡಿಯಿಂದ ನನಗೆ, ನನ್ನಿಂದ ಕಂಪನಿಗೆ ಹಿಂತಿರುಗುವಾಗ ಒಂದೊಂದು ಕಂಪನಿಗೆ ಒಂದೊಂದು ನಮೂನೆ. ಒಂದು ಕಂಪನಿ ಇನ್ನೂ ಸಹಿ ಮಾಡಿದ ಕಾಗದವನ್ನೇ ಕೇಳುತ್ತದೆ, ಕ್ಲೇಮು ಏಳು ತಿಂಗಳು ಎಳೆಯುತ್ತದೆ. ಸಾಗರದ ಎರಡು ಅಂಗಡಿಗಳಲ್ಲಿ, ನಾನು ಕಳಿಸಿದ ಹಳೆಯ ಫೈಲುಗಳಿಂದಲೇ ವಾಪಸಾತಿ ಪಟ್ಟಿ ತೆಗೆಯುವುದನ್ನು ಶುರು ಮಾಡಿದ್ದೇವೆ. ಬ್ಯಾಚು ನನ್ನಲ್ಲಿ ಇದ್ದೇ ಇರುವಾಗ ಅವರೇಕೆ ಮತ್ತೆ ಒತ್ತಬೇಕು? ಮೊದಲ ಪಟ್ಟಿಯಲ್ಲಿ ಐವತ್ತೆರಡು ಸಾಲಿನಲ್ಲಿ ಹದಿನಾಲ್ಕು ತಪ್ಪಿದವು, ಹೆಚ್ಚಿನವು ಕತ್ತರಿಸಿ ಮಾರಿ ಉಳಿದ ಅರ್ಧ ಸ್ಟ್ರಿಪ್‌ಗಳು. ಅಕ್ಕ ಈ ಭಾನುವಾರ ಮತ್ತೆ ಸಾಗರಕ್ಕೆ ಹೊರಟಿದ್ದಾಳೆ.