ಅಪ್ಪ ಎಲ್ಲಿ ಅಂತ ಅಮ್ಮ ಕೇಳಿದಾಗ

ಅಪ್ಪ ತೀರಿಕೊಂಡಿದ್ದು 2011ರಲ್ಲಿ. ಅಮ್ಮನಿಗೆ ಆಲ್ಝೈಮರ್ ಅಂತ ಗೊತ್ತಾದ ಮೇಲೆ, ಒಂದು ಸಂಜೆ ಬಾಗಿಲ ಕಡೆ ನೋಡುತ್ತಾ, "ನಿಮ್ಮಪ್ಪ ಇನ್ನೂ ಬಂದಿಲ್ವಲ್ಲೇ" ಅಂದಳು. ಅಮ್ಮನ ಹತ್ತಿರ ಸುಳ್ಳು ಹೇಗೆ ಹೇಳುವುದು? ಇದ್ದದ್ದನ್ನೇ ಹೇಳಿದೆ. ಆಗಷ್ಟೇ ಸುದ್ದಿ ಬಂದವಳ ಹಾಗೆ ಅತ್ತಳು. ಅರ್ಧ ಗಂಟೆಯಲ್ಲಿ ನನ್ನ ಮಾತು ಮರೆತುಹೋಯಿತು, ಸಂಕಟ ಹೋಗಲಿಲ್ಲ. ರಾತ್ರಿ ಊಟ ಬಿಟ್ಟಳು. ಯಾಕೆ ಅಂತ ಅವಳಿಗೇ ಗೊತ್ತಿರಲಿಲ್ಲ. ಈ ಕಾಯಿಲೆಯಲ್ಲಿ ಹೊಸದಾಗಿ ಕೇಳಿದ್ದು ನೆನಪಿನಲ್ಲಿ ನಿಲ್ಲುವುದಿಲ್ಲ, ಅದರಿಂದಾದ ದುಃಖ ಮಾತ್ರ ಎಷ್ಟೋ ಹೊತ್ತು ಉಳಿದುಬಿಡುತ್ತದೆ. ಇದು ತಿಳಿಯುವ ಮೊದಲು ಮೂರು ಸಲ ಅವಳನ್ನು ಹೀಗೆ ಅಳಿಸಿದ್ದೆ.

ಆಮೇಲೆ ಸುಳ್ಳು ಹೇಳಿ ನೋಡಿದೆ. "ಶಿವಮೊಗ್ಗಕ್ಕೆ ಹೋಗಿದಾರಮ್ಮ, ಬರ್ತಾರೆ." ಬರ್ತಾರೆ ಅಂದರೆ ಕಾಯಬೇಕಲ್ವಾ? ಕೊನೇ ಬಸ್ಸು ಹೋದ ಮೇಲೂ ಜಗಲಿಯಿಂದ ಏಳಲಿಲ್ಲ. ಅದೇ ಹೊತ್ತಿಗೆ ಅಣ್ಣ ಫೋನ್ ಮಾಡಿ, "ಅಪ್ಪ ಬೆಂಗಳೂರಲ್ಲಿ ನನ್ನ ಹತ್ರ ಇದಾರೆ" ಅಂದ. ಅಮ್ಮ ನನ್ನನ್ನು ನೋಡಿದ ನೋಟ ಇನ್ನೂ ಕಣ್ಣಲ್ಲಿದೆ. ಏನು ಹೇಳಿದರೂ ಎಲ್ಲರೂ ಒಂದೇ ಮಾತು ಹೇಳಬೇಕು ಅಂತ ಅವತ್ತೇ ಮಾತಾಡಿಕೊಂಡೆವು.

ಅಪ್ಪನನ್ನು ಕೇಳುವುದು ಜಾಸ್ತಿ ಸಂಜೆ ಹೊತ್ತಿನಲ್ಲೇ. ಬೆಳಕು ಇಳಿಯುವಾಗ ಇಂಥವರಿಗೆ ಗೊಂದಲ, ಚಡಪಡಿಕೆ ಹೆಚ್ಚು. ಅದಕ್ಕೇ ಐದೂವರೆಗೆ ಮನೆಯ ದೀಪವೆಲ್ಲ ಹಾಕುತ್ತೇನೆ. ಹತ್ತಿರ ಕೂತು, "ಅಪ್ಪನ ನೆನಪಾಯ್ತಾ? ಅಪ್ಪಂಗೆ ಪತ್ರೊಡೆ ಎಷ್ಟು ಇಷ್ಟ, ಅಲ್ವಾ?" ಅನ್ನುತ್ತೇನೆ. ಇದರಲ್ಲಿ ಸುಳ್ಳಿಲ್ಲ. ಹುಣಸೆಹುಳಿ ಕಡಿಮೆಯಾದರೆ ಕೆಸುವಿನೆಲೆ ಗಂಟಲು ತುರಿಸುತ್ತದೆ ಅಂತ ಅಮ್ಮ ನನಗೆ ಹೇಳಿಕೊಡಲು ಶುರು ಮಾಡುತ್ತಾಳೆ. ಬೆಳಗಿನ ತಿಂಡಿ ನೆನಪಿಲ್ಲದವಳಿಗೆ ಇದೆಲ್ಲ ಚೆನ್ನಾಗಿ ನೆನಪಿದೆ.

"ಹಾಲು ಕರೆಯೋ ಹೊತ್ತಾಯ್ತು" ಅಂತ ಎದ್ದರೆ, "ಕರೆದಾಯ್ತಮ್ಮ" ಅನ್ನುತ್ತೇನೆ. ದನ ಕೊಟ್ಟು ಎಷ್ಟೋ ವರ್ಷವಾಯಿತು. ಈ ಸುಳ್ಳು ನನ್ನನ್ನು ಚುಚ್ಚುವುದಿಲ್ಲ, ಅವಳಿಗೆ ನೆಮ್ಮದಿಯಾಗುತ್ತದೆ. ಆದರೆ ಏನೋ ಒಂದು ಹೇಳಿ ಕಾಗದಕ್ಕೆ ಸಹಿ ಹಾಕಿಸುವುದು, ಮೊಸರನ್ನದಲ್ಲಿ ಮಾತ್ರೆ ಬಚ್ಚಿಟ್ಟು ತಿನ್ನಿಸುವುದು, ಇವೆರಡನ್ನೂ ಮಾಡಿಲ್ಲ. ಕೆಲವು ಮಾತ್ರೆ ಪುಡಿ ಮಾಡಲೂಬಾರದು. ಬೇಡ ಅಂದರೆ ಸುಮ್ನೆ ಇದ್ದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳುತ್ತೇನೆ.

ಕಳೆದ ಆಷಾಢದಲ್ಲಿ ಒಂದು ಬೆಳಗ್ಗೆ ಅವಳ ತಲೆ ಬಾಚುತ್ತಿದ್ದೆ. ತಟ್ಟನೆ ನನ್ನ ಕೈ ಹಿಡಿದು, "ಅವರು ಈಗಿಲ್ಲ, ಅಲ್ವೇನೇ?" ಅಂದಳು. ಕಣ್ಣು ತಿಳಿಯಾಗಿತ್ತು. ಗೊತ್ತಿದ್ದೇ ಕೇಳುತ್ತಿದ್ದಳು.

"ಹೌದಮ್ಮ, ಇಲ್ಲ" ಅಂದೆ. ಇಬ್ಬರೂ ಅತ್ತೆವು. ಆಮೇಲೆ ಅವಳು ಮತ್ತೆ ತಿರುಗಿ ಕೂತಳು, ನಾನು ಜಡೆ ಹೆಣೆದೆ.