ಪಿಯುಸಿ ಮಾರ್ಕ್ಸ್ ಕಾರ್ಡ್ ಹಿಡಿದು ಸ್ವೀಡನ್ನಿನ ನರ್ಸಿಂಗ್ ಕೋರ್ಸಿಗೆ

2009ರಲ್ಲಿ ದಾವಣಗೆರೆಯಲ್ಲಿ ಸೆಕೆಂಡ್ ಪಿಯುಸಿ ಮುಗಿಸಿದೆ. ಕಾಮರ್ಸ್. ಗಣಿತ ಅಂದರೆ ಜ್ವರ ಬರುತ್ತಿತ್ತು, ಅದಕ್ಕೇ ಇತಿಹಾಸ ತೆಗೆದುಕೊಂಡಿದ್ದೆ. ಆ ಆಯ್ಕೆ ಹನ್ನೊಂದು ವರ್ಷ ಬಿಟ್ಟು ಗೋಥೆನ್‌ಬರ್ಗ್‌ನಲ್ಲಿ ಕಾಲಿಗೆ ತೊಡರಿಕೊಂಡಿತು.

ಗಂಡನ ಕೆಲಸದ ಜೊತೆ ಇಲ್ಲಿಗೆ ಬಂದವಳು ನಾನು. ಮೂರು ವರ್ಷಕ್ಕೂ ಜಾಸ್ತಿ ಸ್ವೀಡಿಷ್ ಕಲಿತ ಮೇಲೆ ನರ್ಸಿಂಗ್ ಓದುವ ಮನಸ್ಸಾಯಿತು. ಇಲ್ಲಿ ಅದು ಮೂರು ವರ್ಷದ ಕೋರ್ಸ್, ಪಾಠವೆಲ್ಲ ಸ್ವೀಡಿಷ್‌ನಲ್ಲೇ. ಭಾರತದಿಂದ ಓದಲೆಂದೇ ಬರುವವರು 2011ರಿಂದ ಫೀಸು ಕಟ್ಟಬೇಕು. ನನ್ನದು ಕುಟುಂಬದ ವಾಸದ ಪರವಾನಗಿ. ಆ ಕಾರ್ಡಿನ ಪ್ರತಿ ಹಾಕಿದೆ, ಅರ್ಜಿ ಶುಲ್ಕವೂ ಇಲ್ಲ, ಕೋರ್ಸಿನ ಫೀಸೂ ಇಲ್ಲ.

ಇಡೀ ದೇಶಕ್ಕೆ ಅರ್ಜಿ ಹಾಕುವ ಜಾಗ ಒಂದೇ. ಆಗಸ್ಟ್ ಕೊನೆಗೆ ಶುರುವಾಗುವ ಕೋರ್ಸಿಗೆ ಏಪ್ರಿಲ್ 15 ಕೊನೆಯ ದಿನ. ಮೂಲ ಪ್ರತಿಗಳನ್ನೇ ಸ್ಕ್ಯಾನ್ ಮಾಡಿ ಹಾಕಬೇಕು. ನನ್ನ ಹತ್ತಿರ ಇದ್ದದ್ದು ಗೆಜೆಟೆಡ್ ಆಫೀಸರ್ ಹಸಿರು ಶಾಯಿಯಲ್ಲಿ ಸಹಿ ಹಾಕಿದ ಜೆರಾಕ್ಸ್! ಅಮ್ಮನಿಗೆ ಫೋನ್ ಮಾಡಿದೆ. "ಮಗಳು ಸ್ಕೂಲಿಗೆ ಹೋಗೋ ವಯಸ್ಸಿಗೆ ಬಂದ್ಲು, ಈಗ ನಿಂಗ್ಯಾಕೆ ಪಿಯುಸಿ ಮಾರ್ಕ್ಸ್ ಕಾರ್ಡು?" ಅಂದರು. ಆದರೂ ಬೀರುವಿನಿಂದ ತೆಗೆದು ಕೊರಿಯರ್ ಮಾಡಿದರು. ನಮ್ಮ ಪಿಯುಸಿ ಕಾರ್ಡಿನಲ್ಲಿ ಇಂಗ್ಲಿಷ್ ಇರುವುದರಿಂದ ಅನುವಾದದ ತಲೆನೋವಿಲ್ಲ. ಹೆಸರಿನದ್ದೇ ಗೋಳು. ಕಾರ್ಡಿನಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು. ನನ್ನ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ಅಪ್ಪನ ಹೆಸರು ಇತ್ತಲ್ಲ, ಅದನ್ನೂ ಸೇರಿಸಿ ಕಳಿಸಿದೆ.

2020ರಲ್ಲಿ ಹಾಕಿದ ಮೊದಲ ಅರ್ಜಿಗೆ ಬಂದ ಉತ್ತರ: ಅರ್ಹತೆ ಇಲ್ಲ.

ಬಿ.ಕಾಂ. ಡಿಗ್ರಿ ಇದೆ, ಪಿಯುಸಿಯಲ್ಲಿ ಫಸ್ಟ್ ಕ್ಲಾಸ್, ಇನ್ನೇನು ಬೇಕು ಅಂದುಕೊಂಡಿದ್ದೆ. ಅವರು ಮೊದಲು ನೋಡಿದ್ದು ಪರ್ಸೆಂಟೇಜ್ ಅಲ್ಲ, ವಿಷಯಗಳ ಪಟ್ಟಿ. ನರ್ಸಿಂಗಿಗೆ ಅವರ ಹೈಸ್ಕೂಲಿನ ಎರಡನೇ ಹಂತದ ಗಣಿತ, ಎರಡನೇ ಹಂತದ ವಿಜ್ಞಾನ ಬೇಕು. ನನ್ನ ಡಿಗ್ರಿಯ ಅಕೌಂಟೆನ್ಸಿ ಅದಕ್ಕೆ ಬದಲಿ ಆಗಲಿಲ್ಲ. ನಾವು ಊರಲ್ಲಿ ಪಾಯಿಂಟಿಗಾಗಿ ಒದ್ದಾಡಿ ಬೆಳೆದವರು, ಅಲ್ವಾ? ಹಾಗಾಗಿ ಈ ಲೆಕ್ಕ ತಲೆಗೆ ಹೋಗುವುದು ತಡವಾಯಿತು.

ದಾರಿ ಇತ್ತು. ಕೊಮ್‌ವುಕ್ಸ್ ಅಂತ ದೊಡ್ಡವರ ಶಾಲೆ, ಪುರಸಭೆ ನಡೆಸುತ್ತದೆ, ಫೀಸಿಲ್ಲ. ಮೂವತ್ತರ ಆಸುಪಾಸಿನಲ್ಲಿ, ಅಡುಗೆಮನೆಯ ಮೇಜಿನ ಮೇಲೆ ಸಮೀಕರಣ ಬಿಡಿಸಿದೆ. ಸ್ವೀಡಿಷ್‌ನಲ್ಲಿ ಕಲಿತಾಗ ಗಣಿತ ಅಷ್ಟೇನೂ ಹೆದರಿಸಲಿಲ್ಲ. ಯಾಕೋ ಗೊತ್ತಿಲ್ಲ. ಬಹುಶಃ ಇಲ್ಲಿ ಯಾರೂ ಹೊಡೆಯಲಿಲ್ಲ, ಅದಕ್ಕಿರಬೇಕು. ಇಲ್ಲಿ ಎ ಗ್ರೇಡ್ ಅಂದರೆ 20, ಪಾಸಿನ ಕೊನೆಯ ಗ್ರೇಡ್ ಇ ಅಂದರೆ 10. ಗಣಿತದಲ್ಲಿ ಬಿ ಬಂತು, ಅಂದರೆ 17.5.

ನಡುವೆ ಹೋಗ್‌ಸ್ಕೂಲೆಪ್ರೂವೆಟ್ ಕೂಡ ಬರೆದೆ. ವರ್ಷಕ್ಕೆ ಎರಡು ಸಲ ನಡೆಯುವ ಪ್ರವೇಶ ಪರೀಕ್ಷೆ ಅದು, 2.0 ಗರಿಷ್ಠ. ಒಂದಷ್ಟು ಸೀಟು ಅದರ ಮೇಲೇ ಕೊಡುತ್ತಾರೆ. ಇಂಗ್ಲಿಷ್ ಭಾಗ ಸಲೀಸು. ಸ್ವೀಡಿಷ್ ಪದಗಳ ಅರ್ಥ ಕೇಳುವ ಭಾಗದಲ್ಲಿ ಹುಟ್ಟುಭಾಷೆಯವರೇ ತಡವರಿಸುತ್ತಾರೆ, ನಾನು ಸುಮ್ನೆ ಗೆರೆ ಹಾಕಿದೆ. ನನ್ನಂತೆ ತಡವಾಗಿ ಭಾಷೆ ಕಲಿತವರು ಆ ಪರೀಕ್ಷೆಯನ್ನೇ ನಂಬಿ ಕೂರಬಾರದು ಅಂತ ನನ್ನ ಅಭಿಪ್ರಾಯ.

2022ರಲ್ಲಿ ಮತ್ತೆ ಅರ್ಜಿ. ಇಪ್ಪತ್ತು ಆಯ್ಕೆ ಕೊಡಬಹುದು, ಆದರೆ ಕ್ರಮ ಮುಖ್ಯ. ಮೇಲಿನದು ಸಿಕ್ಕರೆ ಕೆಳಗಿನವು ತಾವಾಗಿಯೇ ಅಳಿಸಿಹೋಗುತ್ತವೆ. ಮನೆ ಹತ್ತಿರದ್ದನ್ನೇ ಮೊದಲು ಹಾಕಿದೆ. ಜುಲೈನಲ್ಲಿ ಫಲಿತಾಂಶ ಬಂದಾಗ ದಾವಣಗೆರೆಯಲ್ಲಿದ್ದೆ. ವೇಟಿಂಗ್ ಲಿಸ್ಟ್. ವೇಟಿಂಗ್ ಆದರೂ "ಬೇಕು" ಅಂತ ಉತ್ತರ ಕೊಡಲೇಬೇಕು, ಇಲ್ಲದಿದ್ದರೆ ಹೆಸರೇ ಹೋಗುತ್ತದೆ. ಕರೆಂಟ್ ಹೋಗಿತ್ತು, ಮೊಬೈಲ್ ಡೇಟಾ ಹಾಕಿ ಒತ್ತಿದೆ. ಎರಡನೇ ಸುತ್ತಿನಲ್ಲಿ ಸೀಟು ಬಂತು.

ಮಾರ್ಕ್ಸ್ ಕಾರ್ಡನ್ನು ಜೊತೆಗೇ ತಂದಿದ್ದೆ. ಅಮ್ಮ ಅದನ್ನು ತೆಗೆದುಕೊಂಡು ಮತ್ತೆ ಅದೇ ಬೀರುವಿನಲ್ಲಿಟ್ಟು ಬೀಗ ಹಾಕಿದರು.